ಬೇರು ಸಮೇತ: ಹೆಗ್ಗದ್ದೆಗೆ ಎರಡನೆಯ ಸಲ

ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂವರೆಗೆ ತುಮಕೂರಿನಲ್ಲಿ ಹಾಸನದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಸೀಟು ಸಿಗುವುದೇ ಪುಣ್ಯ; ಅವತ್ತು ನನಗೆ ಕಿಟಕಿ ಪಕ್ಕದ್ದೇ ಸಿಕ್ಕಿತು. ಬ್ಯಾಗಿನಲ್ಲಿ ಎರಡು ಸೀರೆ, ಬಿಪಿ ಮಾತ್ರೆ, ಒಂದು ಕೊಡೆ, ಮತ್ತೆ ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಕಳಿಸಿದ್ದ ಆಹ್ವಾನ ಪತ್ರಿಕೆ. 'ಜೀವಶಾಸ್ತ್ರದ ಶಾಖೆಗಳು, ವಿಶೇಷ ಉಪನ್ಯಾಸ' ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಕೆಳಗೆ ನನ್ನ ಹೆಸರಿನ ಪಕ್ಕ 'ಖ್ಯಾತ ಸಸ್ಯವಿಜ್ಞಾನಿ'. ನಾನು ಖ್ಯಾತಳೂ ಅಲ್ಲ, ವಿಜ್ಞಾನಿಯೂ ಅಲ್ಲ. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಅದೇ ನೋಟ್ಸು ಇಟ್ಟುಕೊಂಡು ಬಾಟನಿ ಹೇಳಿ, ಹೋದ ವರ್ಷ ರಿಟೈರ್ ಆದವಳು. ಫೋನ್ ಮಾಡಿ 'ಆ ಪದ ತೆಗೆಸಮ್ಮ' ಅನ್ನಬಹುದಿತ್ತು. ಅನ್ನಲಿಲ್ಲ. ಪತ್ರಿಕೆಯನ್ನು ನಾಲ್ಕು ಜನ ನೆಂಟರಿಗೆ ವಾಟ್ಸಾಪ್ ಬೇರೆ ಮಾಡಿದ್ದೆ.

ಸವಿತಾ ಈಗ ಬೆಳಗೋಡಿನ ಆಚೆಗಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಗಂಡ ಮಂಜು ಅಲ್ಲೇ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವವನು. ಶುಕ್ರವಾರ ನನ್ನ ಉಪನ್ಯಾಸ, ಶನಿವಾರ ಮಕ್ಕಳ ಜೊತೆ ಗಿಡ ನೋಡಲು ಹೊರಗೆ ಹೋಗುವುದು ಎಂದು ಆಕೆ ಹೇಳಿದ್ದಳು. ಎಲ್ಲಿಗೆ ಎಂದು ನಾನೂ ಕೇಳಿರಲಿಲ್ಲ.

ತಿಪಟೂರಿನಲ್ಲಿ ಬಸ್ಸು ನಿಂತಾಗ ಇಡ್ಲಿ ತಿಂದೆ, ಅರಸೀಕೆರೆಯಲ್ಲಿ ತೂಕಡಿಸಿದೆ, ಹಾಸನಕ್ಕೆ ಬರುವ ಹೊತ್ತಿಗೆ ಹನ್ನೊಂದಾಗಿತ್ತು. ಅಲ್ಲಿಂದ ಸಕಲೇಶಪುರದ ಬಸ್ಸು. ಆಲೂರು ದಾಟಿದ ಮೇಲೆ ನೆಲ ಏರಿಳಿಯಲು ಶುರುವಾಯಿತು. ಜೋಳ, ಶುಂಠಿ ಹೊಲಗಳು ಹಿಂದೆ ಬಿದ್ದು, ಸಿಲ್ವರ್ ಮರಗಳ ಸಾಲು, ಅವುಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡಗಳು ಕಾಣಿಸಿದವು. ಗಾಳಿ ತಣ್ಣಗಾಯಿತು. ಮಳೆ ಇರಲಿಲ್ಲ, ಆದರೆ ಈಗಲೋ ಆಗಲೋ ಎನ್ನುವ ಹಾಗೆ ಮೋಡ ಕಟ್ಟಿತ್ತು. ನಾನು ಹೊರಗೆ ನೋಡುತ್ತ ಮೈಮರೆತಿದ್ದೆ ಅಂತ ಕಾಣುತ್ತದೆ, ಕಂಡಕ್ಟರು ಕೂಗಿದರು: "ಬಾಳ್ಳುಪೇಟೆ ಬಂತು, ಇಳೀರವ್ವ ಬೇಗ! ಇಲ್ಲಾಂದ್ರೆ ಸಕ್ಲೇಶ್ಪುರಕ್ಕೇ ಹೋಗ್ಬುಡ್ತೀರ!" ಬ್ಯಾಗು, ಕೊಡೆ, ಸೆರಗು ಎಲ್ಲ ಒಟ್ಟುಗೂಡಿಸಿಕೊಂಡು ಲಾರಿಗಳ ಗದ್ದಲದ ನಡುವೆ ಇಳಿದೆ.

ಸವಿತಾ ರಸ್ತೆ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಕಾಲೇಜಿನಲ್ಲಿ ಕಡ್ಡಿಯಂತಿದ್ದ ಹುಡುಗಿ, ಈಗ ಮೈಕೈ ತುಂಬಿಕೊಂಡಿದ್ದಾಳೆ. ರಸ್ತೆ ಎಂದೂ ನೋಡದೆ ಬಗ್ಗಿ ಕಾಲು ಮುಟ್ಟಿದಳು. "ಏಳೇ ಮಾರಾಯ್ತಿ, ಲಾರಿ ಬಂದೀತು" ಅಂದೆ. ಒಳಗೊಳಗೇ ಹಿಗ್ಗಿದೆ.

ಸಂಜೆ ಬೆಳಗೋಡಿನ ಅವಳ ಮನೆಯಲ್ಲಿ ಮಂಜು ಹೆಂಚಿನ ಮುಂದೆ ನಿಂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದ. ಜೊತೆಗೆ ಎಳೆ ಬಿದಿರಿನ ಕಳಲೆಯ ಪಲ್ಯ, ಬೆಲ್ಲದ ಕಾಫಿ. ಮೂರನೆಯ ರೊಟ್ಟಿ ಮುರಿಯುವಾಗ ಸವಿತಾ ಶನಿವಾರದ ಕಾರ್ಯಕ್ರಮ ಬಿಚ್ಚಿದಳು. ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳ ಮಕ್ಕಳು ಹರ್ಬೇರಿಯಂ ಮಾಡುತ್ತಿದ್ದಾರಂತೆ, ಅಂದರೆ ಗಿಡಗಳನ್ನು ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರು ಬರೆದಿಡುವುದು. ನಲವತ್ತು ಗಿಡ ಆಗಿದೆ, ಒಂದು ಮುಖ್ಯವಾದದ್ದು ಬಾಕಿ.

"ನಾವು ಅವತ್ತು ಹೋಗಿದ್ವಲ್ಲ ಮೇಡಂ, ಹೆಗ್ಗದ್ದೆ ಹತ್ರ, ಹಲಸಿನ ಮರ? ಸೀತಾಳೆ ದಂಡೆ? ಅಲ್ಲಿಗೇ ಹೋಗೋಣ ಅಂತ. ಹೋದ ವಾರ ಇವರು ಆ ಕಡೆ ಹೋದಾಗ ನೋಡ್ಕೊಂಡು ಬಂದ್ರು, ಹೂವು ಬಿಟ್ಟಿದೆಯಂತೆ. ಇಪ್ಪತ್ತೆರಡು ಮಕ್ಕಳು. ನಿಮ್ಮದೇ ರೂಲು ಹೇಳಿದ್ದೀನಿ ಮೇಡಂ, ಬೇರು ಸಮೇತ!"

ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಸವಿತಾ ನೀರು ಕೊಟ್ಟಳು.

ಓದುಗರಿಗೆ ಇಲ್ಲಿ ಹನ್ನೊಂದು ವರ್ಷದ ಹಿಂದಿನದನ್ನು ಹೇಳಿಬಿಡಬೇಕು. ಆಗ ನಾನು ಮೂವತ್ತೆಂಟು ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಈ ಕಡೆಗೆ ಶೈಕ್ಷಣಿಕ ಪ್ರವಾಸ ತಂದಿದ್ದೆ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗೆ ಒಬ್ಬೊಬ್ಬರೂ ಇಪ್ಪತ್ತೈದು ಹರ್ಬೇರಿಯಂ ಹಾಳೆ ಕೊಡಬೇಕಿತ್ತು. ಹೂವಿದ್ದರೆ ಅಂಕ, ಬೇರಿದ್ದರೆ ಇನ್ನೂ ಅಂಕ. ಹೆಗ್ಗದ್ದೆಯ ಹತ್ತಿರ ರಸ್ತೆಯ ತಿರುವಿನಲ್ಲಿ ಒಂದು ದೊಡ್ಡ ಹಲಸಿನ ಮರ. ಅದರ ಕಾಂಡ, ಕೊಂಬೆಗಳ ತುಂಬ ಸೀತಾಳೆ ದಂಡೆ ಹೂ ಬಿಟ್ಟು ಜೋತಾಡುತ್ತಿತ್ತು. ಮಲೆನಾಡಿನವರಿಗೆ ಹೇಳಬೇಕಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ: ಅದು ಮರದ ಮೇಲೆ ಬೆಳೆಯುವ ಆರ್ಕಿಡ್, ಬಿಳಿ ಹೂವಿನಲ್ಲಿ ನೇರಳೆ ಚುಕ್ಕೆ, ಗೇಣುದ್ದದ ಗೊಂಚಲು, ಕಟ್ಟುವುದೇ ಬೇಡ, ಹಾಗೇ ಜಡೆಗೆ ಮುಡಿಯಬಹುದು. ನಾನು ಕೊಡೆ ಹಿಡಿದು ಮರದ ಕೆಳಗೆ ನಿಂತು, "ಹುಷಾರು, ಬೇರು ತುಂಡಾಗಬಾರದು, ತುಂಡಾದರೆ ಅಂಕ ಕಟ್" ಎಂದು ಕೂಗುತ್ತಿದ್ದೆ. ಮೂವತ್ತೆಂಟು ಜನ ಮೂವತ್ತೆಂಟು ಗಿಡ ಕಿತ್ತರು ಅಂದರೆ ಸುಳ್ಳಾದೀತು, ಮರದಲ್ಲಿ ಅಷ್ಟಿರಲಿಲ್ಲ. ಇದ್ದಷ್ಟನ್ನೂ ಕಿತ್ತರು.

ಇಷ್ಟೂ ಮಾಡಿ ಆದದ್ದೇನು? ಸೀತಾಳೆ ದಂಡೆಯ ಎಲೆ ದಪ್ಪ, ರಸ ತುಂಬಿದ್ದು. ತುಂಬೆಗಿಡ ಒತ್ತಿದ ಹಾಗೆ ಒತ್ತಿದರೆ ಅದು ಒಣಗುವುದಿಲ್ಲ, ಕೊಳೆಯುತ್ತದೆ. ಬಾಟನಿ ಮೇಷ್ಟ್ರುಗಳಿಗೆ ಗೊತ್ತಿರಬೇಕಾದ ಸಂಗತಿ. ತಿಂಗಳೊಳಗೆ ಅಷ್ಟು ಹಾಳೆಗಳಿಗೂ ಬೂಷ್ಟು ಹಿಡಿಯಿತು. ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಮೂಗು ಮುಚ್ಚಿಕೊಂಡು ಸಹಿ ಹಾಕಿದರು, ನಾನು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ, ಅಟೆಂಡರು ಲ್ಯಾಬಿನ ಹಿಂದೆ ಗುಡ್ಡೆ ಹಾಕಿ ಸುಟ್ಟರು. ಆ ಹೊಗೆಯ ವಾಸನೆ ಸ್ಟಾಫ್ ರೂಮಿನವರೆಗೂ ಬಂದಿತ್ತು. ಕಿಟಕಿ ಹಾಕಿ ಅಂದಿದ್ದೆ.

ಅವತ್ತು ಒಬ್ಬ ಹೆಂಗಸು ತೋಟದಿಂದ ಬಂದು ಏನೋ ಕೇಳಿದ್ದು ಮಸುಕಾಗಿ ನೆನಪಿತ್ತು. ನಾನೇನೋ ಹೇಳಿದೆ, ಆಕೆ ನಕ್ಕು ಹೋದಳು. ಹಾಗೆಂದೇ ನನ್ನ ತಲೆಯಲ್ಲಿ ಇಟ್ಟುಕೊಂಡಿದ್ದೆ.

"ಯಾಕೆ ಮೇಡಂ, ಬೇರೆ ಎಲ್ಲಾದ್ರೂ ಹೋಗೋಣ್ವಾ?" ಎಂದು ಸವಿತಾ ಕೇಳಿದಳು. ಬೇಡ, ಕೀಳಬೇಡಿ, ನಾನು ಹೇಳಿಕೊಟ್ಟಿದ್ದೇ ತಪ್ಪು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಇಲ್ಲ ಇಲ್ಲ, ಅಲ್ಲಿಗೇ ಹೋಗೋಣ" ಅಂದೆ. ನಾಳೆ ಉಪನ್ಯಾಸ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮಂಜು ಇನ್ನೊಂದು ರೊಟ್ಟಿ ಹಾಕಿದ.

ಶುಕ್ರವಾರ ಬೆಳಿಗ್ಗೆ ಶಾಲೆ. ಹಾರ, ಪೇಟ, ಹಣ್ಣಿನ ಬುಟ್ಟಿ, ಏನೂ ಕಮ್ಮಿಯಿರಲಿಲ್ಲ. ನಾನು ಬೋರ್ಡಿನ ಮೇಲೆ ದೊಡ್ಡ ಮರವೊಂದನ್ನು ಬರೆದು, ಕೊಂಬೆಕೊಂಬೆಗೂ ಒಂದು ಹೆಸರು ಕೊಟ್ಟೆ: ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಕೀಟಶಾಸ್ತ್ರ, ಅಂಗರಚನಾಶಾಸ್ತ್ರ, ತಳಿಶಾಸ್ತ್ರ, ವರ್ಗೀಕರಣಶಾಸ್ತ್ರ. ಮೂವತ್ತೊಂದು ವರ್ಷದ ಅಭ್ಯಾಸ, ಬಾಯಿ ತಾನಾಗಿ ಓಡಿತು. ಮಕ್ಕಳು ತಲೆಯೆತ್ತದೆ ಬರೆದುಕೊಂಡರು. ಕೊನೆಗೆ ಒಂಬತ್ತನೆಯ ಕ್ಲಾಸಿನ ಪಲ್ಲವಿ ಎಂಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಚೂಪು ಮೂಗು.

"ಮೇಡಂ, ಜೇನುಹುಳ ಕಾಫಿ ಹೂವಿನ ಮೇಲೆ ಕೂತ್ಕಂಡಿರ್ತದಲ್ಲ, ಅದು ಯಾವ ಶಾಖೆಗೆ ಬರ್ತದೆ? ಪ್ರಾಣಿಶಾಸ್ತ್ರಕ್ಕಾ, ಸಸ್ಯಶಾಸ್ತ್ರಕ್ಕಾ?"

ಎಂಥ ಚಂದದ ಪ್ರಶ್ನೆ! ಒಂದು ಗಂಟೆ ಮಾತಾಡಬಹುದಿತ್ತು. ನಾನು ಗಡಿಯಾರ ನೋಡಿ, "ಅದು ನಿಮ್ಮ ಪರೀಕ್ಷೆಗೆ ಬರೋಲ್ಲ, ಕೂತ್ಕೋ" ಅಂದೆ. ಮಕ್ಕಳು ನಕ್ಕವು. ಅವಳು ಪೆಚ್ಚಾಗಿ ಕೂತಳು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಸವಿತಾ ಮೈಕಿನಲ್ಲಿ, "ನಾಳೆಗೆ ಹರ್ಬೇರಿಯಂ ಬಗ್ಗೆ ಒಂದೆರಡು ಮಾತು ಹೇಳಿ ಮೇಡಂ" ಅಂದಳು. ನಾನು ಬಾಯಿ ತೆರೆದೆ. ಹಿಂದಿನ ದಿನ ರೊಟ್ಟಿ ಗಂಟಲಲ್ಲಿ ಸಿಕ್ಕಿಸಿಕೊಂಡು ಪಟ್ಟ ಸಂಕಟವೆಲ್ಲ ಎಲ್ಲಿ ಹೋಯಿತೋ, ಹಳೆಯ ನೋಟ್ಸೇ ಹೊರಗೆ ಬಂತು: "ಬೇರು ಇದ್ದರೆ ಮಾತ್ರ ಅದು ಪೂರ್ತಿ ಗಿಡ. ಬೇರಿಲ್ಲದ ಹಾಳೆಗೆ ಬೆಲೆಯಿಲ್ಲ." ಪಲ್ಲವಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದದ್ದನ್ನು ನಾನು ವೇದಿಕೆಯ ಮೇಲಿನಿಂದಲೇ ನೋಡಿದೆ. ನೋಡಿಯೂ ಫೋಟೋಗೆ ನಿಂತೆ. ಥೂ, ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಸಂಜೆ ಸವಿತಾಳ ಜೊತೆ ಗದ್ದೆ ಬದುವಿನ ಮೇಲೆ ಅಡ್ಡಾಡಲು ಹೋದೆ. ಭತ್ತದ ಅಗೆ ಹಾಕಲು ಉತ್ತಿದ್ದರು, ಕೆಸರಿನ ವಾಸನೆ. ಎರಡು ಸಲ ಮಾತು ತೆಗೆದೆ. ಮೊದಲ ಸಲ ಅವಳಿಗೆ ಫೋನು ಬಂತು. ಎರಡನೆಯ ಸಲ, "ಸವಿತಾ, ಆ ಸೀತಾಳೆ ದಂಡೆ..." ಎನ್ನುವಷ್ಟರಲ್ಲಿ ಅವಳೇ, "ಮೇಡಂ, ನಿಜ ಹೇಳ್ತೀನಿ, ನಾನು ಟೀಚರ್ ಆಗಿದ್ದೇ ಅವತ್ತು ಆ ಮರದ ಕೆಳಗೆ ನಿಮ್ಮನ್ನ ನೋಡಿ" ಅಂದಳು. ಮುಗಿಯಿತು. ಅಂಥ ಮಾತು ಕೇಳಿದ ಮೇಲೆ ನಾಲಿಗೆ ಹೊರಳುವುದಾದರೂ ಹೇಗೆ? ಹೊರಳಿಸಬೇಕಿತ್ತು, ಅದು ಬೇರೆ ವಿಷಯ.

ಶನಿವಾರ ಎಂಟಕ್ಕೆ ಟೆಂಪೋ ಹೊರಟಿತು. ಇಪ್ಪತ್ತೆರಡು ಮಕ್ಕಳು, ಹಳೆಯ ಪೇಪರಿನ ಕಟ್ಟು, ಎರಡು ಹಲಗೆ, ಹಗ್ಗ, ನಾಲ್ಕು ಕುಡುಗೋಲು. ಸಕಲೇಶಪುರದಲ್ಲಿ ಹೇಮಾವತಿ ಸೇತುವೆಯ ಮೇಲೆ ಮಕ್ಕಳು ಹೋ ಎಂದು ಕೂಗಿದರು. ಹೊಳೆಯಲ್ಲಿ ಹೊಸ ನೀರು ಇನ್ನೂ ಬಂದಿರಲಿಲ್ಲ, ಬಂಡೆಗಳು ಕಾಣುತ್ತಿದ್ದವು. ಪೇಟೆಯಲ್ಲಿ ಬನ್ನು, ಬಾಳೆಹಣ್ಣು ಕೊಂಡೆವು. ಆಮೇಲೆ ಘಾಟಿಯ ಕಡೆಯ ರಸ್ತೆ. ಕಂಟೇನರ್ ಲಾರಿಗಳ ಹಿಂದೆ ಆಮೆಯ ಹಾಗೆ ಹೋಗಿ, ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದ ಮೇಲೆ ಒಮ್ಮೆಲೇ ನಿಶ್ಶಬ್ದ. ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಕಾಡು. ಮಕ್ಕಳು ಹಾಡುತ್ತಿದ್ದರು. ನಾನು ದೇವರಲ್ಲಿ, ಆ ಮರ ಬಿದ್ದುಹೋಗಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಬಾಟನಿ ಓದಿದವಳು ಒಂದು ಮರ ಬೀಳಲಿ ಎಂದು ಬೇಡಿದ್ದು.

ಮರ ಬಿದ್ದಿರಲಿಲ್ಲ. ಅದೇ ತಿರುವು, ಅದೇ ಹಲಸು. ಆಗ ಮರ ತುಂಬ ಇದ್ದದ್ದು ಈಗ ಅಲ್ಲೊಂದು ಇಲ್ಲೊಂದು. ಇಳಿಯುತ್ತಲೇ ಎಣಿಸಿದೆ: ಹದಿನಾಲ್ಕು ಗಿಡ, ಅದರಲ್ಲಿ ಆರೇಳರಲ್ಲಿ ಹೂವು. ಮಕ್ಕಳು ಇಪ್ಪತ್ತೆರಡು.

ಟೆಂಪೋ ಸದ್ದಿಗೆ ಪಕ್ಕದ ತೋಟದಿಂದ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ. ಕೈಯಲ್ಲಿ ಕಳೆ ಕತ್ತಿ. ಹೆಸರು ನಿಂಗಮ್ಮ, ಈ ಅರ್ಧ ಎಕರೆ ತೋಟ ನಂದೇ, ಮೊದಲು ಎಸ್ಟೇಟಿನ ಕೂಲಿ ಲೈನಲ್ಲಿದ್ದೆ ಎಂದು ಸವಿತಾಗೆ ಹೇಳಿದರು. ನನ್ನ ಕಡೆ ಒಂದು ಸಲ ನೋಡಿದರು. ನಾನು ಕೊಡೆ ಬಿಚ್ಚಿಕೊಂಡೆ. ಮಳೆ ಬರುತ್ತಿರಲಿಲ್ಲ.

ಮಕ್ಕಳ ಕೈಯಲ್ಲಿದ್ದ ಪೇಪರು, ಕುಡುಗೋಲು ಕಂಡು ನಿಂಗಮ್ಮನ ಮುಖ ಬಿಗಿಯಿತು.

"ನೋಡ್ರಪ್ಪ, ಕಣ್ಣಲ್ಲಿ ಎಷ್ಟು ಬೇಕಾದ್ರೂ ನೋಡ್ಕಳಿ. ಕೈ ಮಾತ್ರ ಹಾಕ್ಬ್ಯಾಡಿ" ಅಂದರು. "ಒಂದ್ಸಲ ಯಾವುದೋ ಕಾಲೇಜಿನೋರು ಬಂದು ಅಷ್ಟನ್ನೂ ಕಿತ್ಕಂಡು ಹೋಗ್ಬುಟ್ರು. ನಾನು ತೋಟದಿಂದ ಓಡಿ ಬರೋ ಹೊತ್ಗೆ ಮರ ಬೋಳಾಗ್ಬುಟ್ಟಿತ್ತು."

"ಇದು ತಾನಾಗೇ ಹುಟ್ಟಿದ್ದಲ್ವಾ ಅಜ್ಜಿ?" ಎಂದು ಒಬ್ಬಳು ಕೇಳಿದಳು.

"ತಾನಾಗಿ ಇಷ್ಟು ಒಂದೇ ಮರದಲ್ಲಿ ಎಲ್ಲಿ ಹುಟ್ತವೆ ಮಗ? ಎಸ್ಟೇಟಲ್ಲಿ ಮರಗಸಿ ಮಾಡ್ತಾರಲ್ಲ, ಕಾಫಿಗೆ ಬಿಸ್ಲು ಬೀಳ್ಲಿ ಅಂತ ಮ್ಯಾಲಿನ ಕೊಂಬೆ ಕಡೀತಾರಲ್ಲ, ಆಗ ಕೊಂಬೆ ಜೊತೆ ಇವೂ ಕೆಳಗೆ ಬೀಳ್ತವೆ. ಒಣಗೋಯ್ತವೆ, ಇಲ್ಲ ಒಲೆಗೆ ಹೋಯ್ತವೆ. ನಾನು ಕೆಲ್ಸ ಮುಗಿಸ್ಕಂಡು ಬರೋವಾಗ ಒಂದೊಂದೇ ಮಡ್ಲಲ್ಲಿ ಇಟ್ಕಂಡು ತಂದು, ಬಾಳೆ ನಾರಲ್ಲಿ ಇಲ್ಲಿ ಕಟ್ದೆ. ಬೇರು ಮರ ಹಿಡಿಯೋಕೆ ಒಂದು ಮಳೆಗಾಲ ಬೇಕು. ಹೂವು ಬುಡೋಕೆ ಎರಡು ವರ್ಷ, ಮೂರು ವರ್ಷ. ಹದಿನೈದು ವರ್ಷ ಕಟ್ಟಿದ್ದು ಕಣವ್ವ ಅದು. ಅರ್ಧ ಗಂಟೇಲಿ ಹೋಯ್ತು. ಆಮ್ಯಾಲೆ ಮತ್ತೆ ತಂದು ಕಟ್ಟಿದ್ದು ಇವಿಷ್ಟೇ."

ನಾನು ಮೂವತ್ತೊಂದು ವರ್ಷ ಈ ಗಿಡದ ಬೇರಿನ ಮೇಲಿರುವ ಸ್ಪಂಜಿನಂಥ ಪದರದ ಬಗ್ಗೆ ಪಾಠ ಮಾಡಿದ್ದೇನೆ; ಅದಕ್ಕೊಂದು ಹೆಸರಿದೆ, ಚಿತ್ರವಿದೆ, ಐದು ಅಂಕದ ಪ್ರಶ್ನೆಯಿದೆ. ಒಂದೇ ಒಂದು ಗಿಡವನ್ನು ಮರಕ್ಕೆ ಕಟ್ಟಿ ಬದುಕಿಸಿದವಳಲ್ಲ.

ನಿಂಗಮ್ಮ ಇನ್ನೂ ಮುಗಿಸಿರಲಿಲ್ಲ. "ಆ ಕಾಲೇಜು ಮೇಡಮ್ಮಂಗೆ ಕೇಳ್ದೆ, ಯಾಕ್ರವ್ವ ಹಿಂಗೆ ಕಿತ್ರಿ ಅಂತ. 'ಕಾಡು ಗಿಡ ಇದು, ನೀನೇನು ನೆಟ್ಟಿದ್ಯಾ?' ಅಂದ್ರು. ಹೂಂ, ನಾನೇ ಕಟ್ಟಿದ್ದು ಅನ್ನೋಕೂ ನಂಗೆ ಬಾಯಿ ಬರ್ಲಿಲ್ಲ. ಅಷ್ಟು ಓದಿರೋರು ಹಂಗಂದ್ರೆ ನಾನೇನು ಹೇಳ್ಲಿ? ಸುಮ್ನೆ ಹೋದೆ."

ಹಾಗಾದರೆ ಆಕೆ ನಕ್ಕು ಹೋಗಿರಲಿಲ್ಲ. ನಗುವನ್ನು ಆಕೆಯ ಮುಖಕ್ಕೆ ಅಂಟಿಸಿದ್ದು ನಾನು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತು ನನಗೆ ಆಗ ಅರ್ಥವಾಯಿತು. ಹೇಳು, ಈಗ ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. ನಾನು ಕೊಡೆಯ ಹಿಡಿ ಬಿಗಿ ಹಿಡಿದುಕೊಂಡು ನಿಂತೇ ಇದ್ದೆ. ಮಾತಾಡಿದ್ದು ಸವಿತಾ.

"ಅಮ್ಮ, ಅವತ್ತು ಕಿತ್ತೋರಲ್ಲಿ ನಾನೂ ಒಬ್ಳು" ಅಂದಳು. "ನೀವು ನೆಟ್ಟಿದ್ದು ಅಂತ ಗೊತ್ತಿರಲಿಲ್ಲಮ್ಮ. ಗೊತ್ತಿಲ್ದೆ ಇದ್ರೂ ಕೀಳಬಾರದಿತ್ತು. ತಪ್ಪಾಯ್ತು. ನಮ್ಮ ಮೇಡಂ ಬೇಡ ಅಂತಾನೇ ಹೇಳಿದ್ರು, ನಾವೇ ಹುಡುಗ್ರು ಕೇಳಲಿಲ್ಲ."

ಮೇಡಂ ಬೇಡ ಅಂದಿದ್ದರಂತೆ! ನನಗಾಗಿ ಆ ಹುಡುಗಿ ತನ್ನ ಮಕ್ಕಳೆದುರು ಸುಳ್ಳು ಹೇಳಿದಳು. ನಿಂಗಮ್ಮ ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹಂಗಾ?" ಅಂದರು.

ಅಷ್ಟೇ. ನಾನು ಆಗಲೂ ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಾರೆ, ಅರ್ಧ ನಿಮಿಷವಿರಬಹುದು. ಒಂದು ಸುಳ್ಳಿನ ನೆರಳಲ್ಲಿ ನಿಂತುಕೊಳ್ಳಲು ಅರ್ಧ ನಿಮಿಷ ಬಹಳ. ಮೈ ಹಗುರಾಯಿತು, ಅದನ್ನೂ ಹೇಳಿಬಿಡುತ್ತೇನೆ. ಬಚಾವಾದೆ ಎಂದುಕೊಂಡೆ.

ಆ ಅರ್ಧ ನಿಮಿಷದಲ್ಲಿ ಮರದ ಆ ಬದಿಯಲ್ಲಿ ಚರಕ್ ಎಂದು ಸದ್ದಾಯಿತು. ಪಲ್ಲವಿ. ಟೆಂಪೋ ನಿಂತ ಕೂಡಲೇ ಅವಳು ಮರದ ಹಿಂದಕ್ಕೆ ಹೋಗಿದ್ದಳು, ಕೆಲಸದಲ್ಲೇ ಮುಳುಗಿದ್ದರಿಂದ ನಿಂಗಮ್ಮ ಹೇಳಿದ್ದು ಯಾವುದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಕಲ್ಲಿನ ಮೇಲೆ ಹತ್ತಿ, ಬೆರಳಿನಲ್ಲೇ ಒಂದೊಂದೇ ಬೇರು ಬಿಡಿಸಿ, ಒಂದು ಗಿಡ ಕಿತ್ತು, ಎರಡು ಕೈಯಲ್ಲೂ ಹಿಡಿದುಕೊಂಡು ಓಡಿ ಬಂದಳು. ಟೀಚರ ಹತ್ತಿರ ಹೋಗಲಿಲ್ಲ, ನೇರ ನನ್ನ ಹತ್ತಿರ ಬಂದಳು.

"ಮೇಡಂ, ಒಂದು ಬೇರೂ ತುಂಡಾಗಿಲ್ಲ ನೋಡಿ!"

ಗಿಡವನ್ನು ನನ್ನ ಕೈಗಿಟ್ಟಳು. ಬೇರುಗಳು ತಣ್ಣಗಿದ್ದವು, ತೊಗಟೆಯ ಚೂರು ಅಂಟಿತ್ತು, ಗೊಂಚಲು ಅಲ್ಲಾಡುತ್ತಿತ್ತು. ಎಲ್ಲರ ಮುಖ ಕಂಡು ಅವಳ ನಗು ಇಳಿಯಿತು. "ನೀವೇ ಹೇಳಿದ್ರಲ್ಲ ಮೇಡಂ ನಿನ್ನೆ, ಬೇರಿದ್ರೇ ಪೂರ್ತಿ ಗಿಡ ಅಂತ" ಎಂದಳು, ಅಳುವುದಕ್ಕೆ ಸಿದ್ಧಳಾಗಿ.

"ನಾನೇ ಹೇಳಿದ್ದು" ಅಂದೆ. ಕೊಡೆ ಕೈಬಿಟ್ಟು ಬಿತ್ತು. "ನಿನ್ನ ತಪ್ಪಿಲ್ಲ ಮಗಳೇ, ನಿನ್ನೆ ಹೇಳಿದ್ದೂ ನಾನೇ, ಅವತ್ತು ಹೇಳಿದ್ದೂ ನಾನೇ. ನಿಂಗಮ್ಮ, ಈ ಸವಿತಾ ಸುಳ್ಳು ಹೇಳಿದಳು. ಬೇಡ ಅಂತ ನಾನು ಹೇಳಿರಲಿಲ್ಲ. ಕೀಳಿ ಅಂತ ಮರದ ಕೆಳಗೆ ನಿಂತು ಕೂಗಿದವಳು ನಾನು. ನೀನೇನು ನೆಟ್ಟಿದ್ಯಾ ಅಂತ ನಿಮ್ಮನ್ನ ಕೇಳಿದವಳೂ ನಾನೇ. ಆ ಗಿಡಗಳೆಲ್ಲ ಕೊಳೆತು ಹೋದವು, ಸುಟ್ಟುಬಿಟ್ಟರು. ಒಂದೂ ಉಪಯೋಗಕ್ಕೆ ಬರಲಿಲ್ಲ. ನನ್ನದು ತಪ್ಪಾಯ್ತು."

ಕೈ ಮುಗಿಯೋಣವೆಂದರೆ ಕೈಯಲ್ಲಿ ಗಿಡ. ಇಪ್ಪತ್ತೆರಡು ಜೊತೆ ಕಣ್ಣು ನನ್ನ ಮೇಲೆ.

"ಗೊತ್ತು ಕಣ್ರವ್ವ" ಎಂದರು ನಿಂಗಮ್ಮ. ಧ್ವನಿ ಏರಿಸಲಿಲ್ಲ. "ನೀವು ಟೆಂಪೋ ಇಳಿಯೋವಾಗ್ಲೇ ಗುರ್ತು ಸಿಕ್ತು. ನೀವಾಗೇ ಹೇಳ್ತೀರೇನೋ ಅಂತ ನೋಡ್ತಾ ಇದ್ದೆ." ಕಳೆ ಕತ್ತಿಯನ್ನು ಕೆಳಗಿಟ್ಟರು. "ಇನ್ನೊಂದು ಕಿತ್ತ ಮ್ಯಾಲೆ ಹೇಳಿದ್ರಿ."

ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ತೋಟದೊಳಗೆ ಹೋಗಿ ಬಾಳೆ ನಾರು ತಂದರು. ನಾನು ಕಟ್ಟುತ್ತೇನೆ ಎಂದು ಮುಂದೆ ಹೋದೆ. ಪಲ್ಲವಿ ಗಿಡ ಹಿಡಿದುಕೊಂಡಳು, ನಾನು ನಾರು ಸುತ್ತಿ ಗಂಟು ಹಾಕಿದೆ, ಗಿಡ ಜಾರಿತು. ಮತ್ತೆ ಹಾಕಿದೆ, ಬೇರಿನ ಮೇಲೇ ನಾರು ಬಿಗಿದುಬಿಟ್ಟಿತು. "ಬುಡಿ ಬುಡಿ, ಬೇರಿಗೆ ಉಸಿರು ಕಟ್ತದೆ" ಎಂದು ನಿಂಗಮ್ಮ ನನ್ನ ಗಂಟು ಬಿಚ್ಚಿ, ಕಾಂಡದ ಬುಡಕ್ಕೆ ಮಾತ್ರ ನಾರು ಹಾಯಿಸಿ, ಎರಡು ಸುತ್ತಿನಲ್ಲಿ ಮುಗಿಸಿದರು. ಬೇರಿಗೆ ಉಸಿರು ಕಟ್ಟುತ್ತದೆ ಎನ್ನುವುದು ಅಕ್ಷರಶಃ ಸರಿ. ಆ ಸ್ಪಂಜಿನ ಪದರಕ್ಕೆ ಗಾಳಿ ಆಡಬೇಕು, ಐದು ಅಂಕದ ಉತ್ತರದಲ್ಲಿ ಅದೂ ಇದೆ.

ಪೇಪರಿನ ಕಟ್ಟು ಬಿಚ್ಚಲಿಲ್ಲ. ದಪ್ಪ ಹಾಳೆಗಳನ್ನು ಮಕ್ಕಳಿಗೆ ಹಂಚಿ, ಮರದ ಸುತ್ತ ಕೂತು ನೋಡಿ ಚಿತ್ರ ಬರೆಯಿರಿ ಅಂದೆ. ನನ್ನ ಮಾತಿಗೆ ಮೊದಲಿನ ಬೆಲೆ ಇರಲಿಲ್ಲ. ಮಕ್ಕಳು ಸವಿತಾಳ ಕಡೆ ನೋಡಿ, ಅವಳು ಹೂಂ ಅಂದ ಮೇಲೇ ಕೂತರು. ಒಂದೂವರೆ ಗಂಟೆ ಬರೆದರು. ಹರ್ಬೇರಿಯಂ ಹಾಳೆಯ ಕೆಳಗೆ 'ಸಂಗ್ರಹಿಸಿದವರು' ಎಂದು ಒಂದು ಸಾಲಿರುತ್ತದೆ, ಅಲ್ಲಿ ಏನು ಬರೀಲಿ ಮೇಡಂ ಎಂದು ಪಲ್ಲವಿ ಸವಿತಾಳನ್ನು ಕೇಳಿದಳು. ಸವಿತಾ ಅದನ್ನು ಹೊಡೆದು ಹಾಕಿಸಿ, 'ಮರಕ್ಕೆ ಕಟ್ಟಿ ಬೆಳೆಸಿದವರು: ನಿಂಗಮ್ಮ, ಹೆಗ್ಗದ್ದೆ' ಎಂದು ಬರೆಸಿದಳು. ಅದನ್ನು ಹೇಳಿಕೊಟ್ಟಿದ್ದು ನಾನಲ್ಲ. ಬರೆಯುತ್ತಿರುವಾಗ ಒಂದು ಸಣ್ಣ ಜೇನುಹುಳ ಬಂದು ಗೊಂಚಲಿನ ಮೇಲೆ ಕೂತಿತು. ನಾನು ಪಲ್ಲವಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ನೀನು ನಿನ್ನೆ ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ ಅಂತ ಅಲ್ಲ, ನನಗೆ ಊಟದ ಹೊತ್ತಾಗಿತ್ತು" ಅಂದೆ. ಅವಳು ನಗಲಿಲ್ಲ. ಹಾಳೆಯಲ್ಲಿ ಜೇನುಹುಳವನ್ನೂ ಬರೆದಳು.

ಹನ್ನೆರಡಕ್ಕೆ ನಿಂಗಮ್ಮ ಎಲ್ಲರಿಗೂ ಬೆಲ್ಲದ ಕಾಫಿ ತಂದರು. ದೊಡ್ಡವಳೆಂದು ಮೊದಲ ಲೋಟ ನನಗೇ ಕೊಟ್ಟರು, "ಬಿಸಿ ಐತೆ, ಸೆರಗಲ್ಲಿ ಹಿಡ್ಕಳಿ" ಎಂದರು. ಆ ಮರ್ಯಾದೆಗೆ ಕಣ್ಣು ತುಂಬಿತು. ಆಮೇಲೆ ದೋಟಿ ತಂದು, ಬಲಿತ ಮೂರು ಗೊಂಚಲನ್ನು ಮಾತ್ರ ಗಿಡಕ್ಕೆ ಏನೂ ಆಗದ ಹಾಗೆ ಬುಡದಲ್ಲಿ ಮುರಿದು ಇಳಿಸಿದರು. "ಇದು ಮುಡಿಯೋ ಹೂವು, ಒಣಗ್ಸೋದಲ್ಲ" ಎಂದು ಚೂರು ಚೂರು ಮಾಡಿ ಹೆಣ್ಣುಮಕ್ಕಳಿಗೆಲ್ಲ ಹಂಚಿದರು. ಪಲ್ಲವಿಯ ಎರಡೂ ಜಡೆಗೆ ಒಂದೊಂದು ಚೂರು ಅವರೇ ಸಿಕ್ಕಿಸಿದರು. ಸವಿತಾಳಿಗೆ ಅರ್ಧ ಗೊಂಚಲು. ಅವಳು ಬಗ್ಗಿದಳು, ನಿಂಗಮ್ಮ ಮುಡಿಸಿ, ಕೆನ್ನೆ ಸವರಿದರು.

ಪಕ್ಕದಲ್ಲಿ ನಾನಿದ್ದೆ. ನನ್ನ ತಲೆ ತಾನಾಗಿ ಅವರ ಕಡೆಗೆ ಸ್ವಲ್ಪ ವಾಲಿತು. ನಿಂಗಮ್ಮ ಕೈಯನ್ನು ಅಂಗಿಗೆ ಒರೆಸಿಕೊಂಡು, ಖಾಲಿ ಲೋಟಗಳನ್ನು ಆರಿಸಿಕೊಂಡು ಒಳಗೆ ಹೋದರು. ನಾನು ಕತ್ತು ನೋಯುತ್ತಿದೆ ಎನ್ನುವ ಹಾಗೆ ಕತ್ತು ಉಜ್ಜಿಕೊಂಡೆ.

ಟೆಂಪೋ ತಿರುವು ದಾಟುವಾಗ ಹಿಂತಿರುಗಿ ನೋಡಿದೆ. ನಿಂಗಮ್ಮ ಮರದ ಹತ್ತಿರ ನಿಂತು, ಕಟ್ಟಿದ ಗಿಡದ ಮೇಲೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ನಮ್ಮ ಕಡೆ ನೋಡಲಿಲ್ಲ.

ಮೂರು ಗಂಟೆಗೆ ಸವಿತಾ ನನ್ನನ್ನು ಬಾಳ್ಳುಪೇಟೆಗೆ ಬಿಟ್ಟಳು. ಸುಳ್ಳು ಹೇಳಿದ್ದಕ್ಕೆ ಅವಳನ್ನು ಬೈಯಬೇಕೆಂದಿದ್ದೆ, ಬೈಯುವ ಮುಖ ನನಗಿರಲಿಲ್ಲ. ಹಾಸನದ ಬಸ್ಸು ಬಂತು. ಈ ಸಲ ಅವಳು ಬಗ್ಗುವ ಮೊದಲೇ ಭುಜ ಹಿಡಿದು ತಡೆದೆ. ಅವಳು ನನ್ನ ಬೋಳು ತುರುಬನ್ನು ನೋಡಿದಳು. ಜಡೆಯಿಂದ ಹೂವು ತೆಗೆದು, ಎರಡು ತುಂಡು ಮಾಡಲು ಹೋದಳು.

"ಮೇಡಂ, ಅರ್ಧ ನೀವು ಮುಡ್ಕೊಳ್ಳಿ."

"ಬೇಡ ಸವಿತಾ" ಅಂದೆ. "ಅವರು ಅದನ್ನ ನನಗೆ ಕೊಟ್ಟಿಲ್ಲ."